ಈಶಾನ್ಯದ ಬಾಗಿಲು

ಒಂದು ಹಾಳೆಗೆ ನಾಲ್ಕು ಗುಂಡುಸೂಜಿ, ಮೂಲೆಗೊಂದರಂತೆ. ಕೌನ್ಸಿಲ್‌ನಿಂದ ಬಂದಿದ್ದ ಐಲ್ಸಾ ಡ್ರೀವರ್ ಹಾಳೆಗಳ ಕಟ್ಟನ್ನು ನನ್ನ ಕೈಗೆ ಕೊಟ್ಟು, ನಂಬರಿನ ಪ್ರಕಾರ ಬೋರ್ಡಿಗೆ ಚುಚ್ಚಲು ಹೇಳಿ, ತಾವು ಕುರ್ಚಿ ಜೋಡಿಸಲು ಹೋಗಿದ್ದರು. ಹಾಲ್‌ನಲ್ಲಿ ನಾವಿಬ್ಬರೇ. ಸೂಜಿ ಬೋರ್ಡಿಗೆ ಇಳಿಯುವ ಸಣ್ಣ ಸದ್ದು, ಆ ಕಡೆಯಿಂದ ಕುರ್ಚಿಯ ಕಾಲು ನೆಲಕ್ಕೆ ಉಜ್ಜುವ ಸದ್ದು, ಅಷ್ಟೇ. ನವೆಂಬರಿನ ಭಾನುವಾರ, ಮಧ್ಯಾಹ್ನ ಎರಡು ಗಂಟೆ. ಮೂರಕ್ಕೆ ಊರಿನವರೆಲ್ಲ ಇಲ್ಲಿ ಸೇರುವುದಿತ್ತು.

ಹಾಳೆಗಳಲ್ಲಿದ್ದದ್ದು ನಮ್ಮ ದ್ವೀಪದವರ ಅಭಿಪ್ರಾಯಗಳು. ಈಜುಕೊಳದ ಪಕ್ಕದ ಬಯಲೊಂದೇ ನಮ್ಮಲ್ಲಿ ಕಟ್ಟಡ ಕಟ್ಟಲು ಲಾಯಕ್ಕಾದ ಜಾಗ. ಉಳಿದದ್ದೆಲ್ಲ ಜೌಗು, ಇಲ್ಲವೇ ಬಂಡೆ. ಆ ಬಯಲಿನಲ್ಲಿ ಚಳಿಗಾಲದಲ್ಲೂ ಆಡಬಹುದಾದ ಸೂರಿರುವ ಕ್ರೀಡಾಂಗಣ ಬೇಕೋ, ಕಡಿಮೆ ಬಾಡಿಗೆಯ ಆರು ಮನೆಗಳು ಬೇಕೋ ಎಂದು ಕೌನ್ಸಿಲ್ ಸೆಪ್ಟೆಂಬರಿನಲ್ಲಿ ಮನೆಮನೆಗೂ ಕೇಳಿ ಕಳಿಸಿತ್ತು. ಹೆಸರು ಬರೆಯಬೇಕಾಗಿಲ್ಲ ಎಂದು ಮೇಲೆಯೇ ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ನಲವತ್ತೊಂದು ಉತ್ತರ ಬಂದವು. ಅವನ್ನೆಲ್ಲ ಟೈಪ್ ಮಾಡಿಸಿ, ಒಂದೊಂದಕ್ಕೆ ಒಂದೊಂದು ಹಾಳೆಯಂತೆ, ದೂರದಿಂದಲೂ ಕಾಣುವ ಅಕ್ಷರಗಳಲ್ಲಿ ಅಚ್ಚು ಹಾಕಿಸಿದ್ದರು.

ಇಪ್ಪತ್ತಾರನ್ನು ಚುಚ್ಚಿ ಇಪ್ಪತ್ತೇಳನೆಯದನ್ನು ಎತ್ತಿಕೊಂಡೆ.

"ನಾವು ಇಬ್ಬರು. ನಮಗೆ ಮನೆ ಇಲ್ಲ. ಈಗ ಇರುವ ಕಡೆ ಒಂದೇ ಬಾಗಿಲು. ಈಶಾನ್ಯದ ಗಾಳಿ ಎದ್ದರೆ ಅದು ತೆರೆಯುವುದಿಲ್ಲ. ಆಗ ಹಿಂದಿನ ಕಿಟಕಿಯಿಂದ ಇಳಿಯುತ್ತೇವೆ. ನಮ್ಮಲ್ಲೊಬ್ಬರಿಗೆ ಈಗ ಕಿಟಕಿ ಹತ್ತಲು ಆಗುವುದಿಲ್ಲ. ಒಳಗೆ ಗ್ಯಾಸಿನ ಒಲೆ ಉರಿಯುತ್ತಿರುತ್ತದೆ. ದಯವಿಟ್ಟು ಮನೆ ಕಟ್ಟಿ."

ಮೊದಲು, ಯಾರೋ ನಮ್ಮ ಹಾಗೇ ಇದ್ದಾರಲ್ಲ ಪಾಪ, ಎಂದುಕೊಂಡೆ. ಕಾಗುಣಿತವೆಲ್ಲ ಸರಿಯಾಗಿತ್ತು, ಅದಕ್ಕೆ. ಹದಿನೈದಕ್ಕೇ ಶಾಲೆ ಬಿಟ್ಟವಳು ನಾನು. ನನ್ನ ಬರವಣಿಗೆ ಇಷ್ಟು ನೆಟ್ಟಗೆ ಇರುವುದಿಲ್ಲ. ಮತ್ತೊಮ್ಮೆ ಓದಿದಾಗ, ಯಾರೋ ನನ್ನ ತಪ್ಪುಗಳನ್ನೆಲ್ಲ ತಿದ್ದಿ ನನ್ನ ಮಾತನ್ನು ನನಗೇ ಹಿಂದಕ್ಕೆ ಕೊಟ್ಟಿದ್ದಾರೆಂದು ತಿಳಿಯಿತು.

ಬರೆಯುವಾಗ ನಾನು ಎಷ್ಟು ಹುಷಾರಾಗಿದ್ದೆ! ಈಜುಕೊಳದಲ್ಲಿ ನನ್ನದು ಗುಡಿಸಿ ಒರೆಸುವ ಕೆಲಸ. ಟವೆಲುಗಳು ಒಣಗುವ ಯಂತ್ರದ ಎದುರು ಕೂತು ಮೂರು ದಿನ ಯೋಚಿಸಿ ಬರೆದಿದ್ದೆ. ಅಮ್ಮ ಎಂದು ಬರೆಯಲಿಲ್ಲ. ದೋಣಿಮನೆ ಎಂದು ಬರೆಯಲಿಲ್ಲ. ಲೌರಿಯ ಹೆಸರು ತೆಗೆಯಲಿಲ್ಲ. ಆದರೆ ಗಾಳಿಯನ್ನು ಬರೆದುಬಿಟ್ಟಿದ್ದೆ.

ನಮ್ಮ ದ್ವೀಪದಲ್ಲಿ ಈಶಾನ್ಯಕ್ಕೆ ಯಾರೂ ಬಾಗಿಲು ಇಡುವುದಿಲ್ಲ. ಬೇಸಿಗೆ ಕಳೆಯಲೆಂದು ಹೊಸದಾಗಿ ಮನೆ ಮಾಡಿಕೊಂಡ ಬೇಸಿಗೆಯವರೂ ಇಡುವುದಿಲ್ಲ, ಇಟ್ಟರೂ ಒಂದು ಚಳಿಗಾಲ ಕಳೆಯುವುದರೊಳಗೆ ಗೋಡೆ ಕಟ್ಟಿ ಮುಚ್ಚುತ್ತಾರೆ. ಯಾವ ಗಾಳಿ ಯಾರ ಬಾಗಿಲಿಗೆ ಬಡಿಯುತ್ತದೆ ಎಂಬುದು ಇಲ್ಲಿನ ಮಕ್ಕಳಿಗೂ ಗೊತ್ತು. ಆ ದಿಕ್ಕಿಗೆ ತೆರೆಯುವ ಬಾಗಿಲು ಒಂದೇ ಒಂದು: ಲೌರಿಯ ದೋಣಿಮನೆಯದು. ದೋಣಿಯನ್ನು ನೀರಿನಿಂದ ನೇರವಾಗಿ ಒಳಗೆ ಎಳೆಯಲೆಂದು ಅವನ ಅಜ್ಜ ಹಾಗೆ ಕಟ್ಟಿದ್ದು. ದೋಣಿಗೆ ಗಾಳಿಯ ಚಿಂತೆಯಿಲ್ಲವಲ್ಲ.

ಎರಡು ವರ್ಷದ ಹಿಂದೆ ನಾವಿದ್ದ ಬಾಡಿಗೆ ಮನೆಯನ್ನು ಬೇಸಿಗೆಯವರು ಕೊಂಡರು. ಬೇರೆ ಮನೆ ಸಿಗಲಿಲ್ಲ. ಲೌರಿ ನನ್ನ ಅಜ್ಜನೊಡನೆ ಹಡಗಿನಲ್ಲಿ ದುಡಿದವನು. ದೋಣಿಮನೆಯಲ್ಲಿ ಹಲಗೆ ಹಾಸಿ, ಒಲೆ ಇಟ್ಟುಕೊಟ್ಟ. "ಯಾರಿಗೂ ಹೇಳ್ಬೇಡಿ" ಎಂದಷ್ಟೇ ಕೇಳಿದ. ಅವನ ಮನೆಯ ಹಿಂದಿನ ಕೋಣೆಯಲ್ಲಿ ನಾವಿದ್ದೇವೆಂದು ಊರಿನ ಲೆಕ್ಕ; ಆ ಕೋಣೆಯ ನೆಲ ಕೊಳೆತು ಕುಸಿದಿರುವುದು ಅವರಿಗೆ ಗೊತ್ತಿಲ್ಲ. ಅನುಮಾನ ಬಂದವರೂ ಕೇಳಲಿಲ್ಲ. ಪಕ್ಕದ ದ್ವೀಪದಲ್ಲಿ ಹೋದ ಚಳಿಗಾಲ ಗಂಡ ಹೆಂಡತಿ ಇಬ್ಬರು ಸರಕಿನ ಕಂಟೇನರಿನಲ್ಲಿ ಮಲಗುತ್ತಿದ್ದರು. ಕೌನ್ಸಿಲ್‌ನ ಕಟ್ಟಡ ವಿಭಾಗದವರು ಬಂದು ಬಾಗಿಲಿಗೆ ಚೀಟಿ ಅಂಟಿಸಿದರು. ಹದಿನಾಲ್ಕು ದಿನಕ್ಕೆ ಅವರನ್ನು ಹಡಗು ಹತ್ತಿಸಿ, ರಾತ್ರಿಯಿಡೀ ಪಯಣಿಸಿದರೆ ಸಿಗುವ ಪಟ್ಟಣದಲ್ಲಿ ಒಂದು ಕೋಣೆ ಕೊಟ್ಟರು. ಅವರು ಇನ್ನೂ ಅಲ್ಲೇ ಇದ್ದಾರೆ. ಆ ಸುದ್ದಿ ಕೇಳಿದ ಮೇಲೆ ಅಮ್ಮ ದೀಪ ಹಚ್ಚುವ ಮೊದಲು ಕಿಟಕಿಗೆ ಕಂಬಳಿ ಕಟ್ಟುತ್ತಾಳೆ.

ಐಲ್ಸಾ ಆ ಕಡೆ ತಿರುಗಿದ್ದರು. ಹಾಳೆಯನ್ನು ನಾಲ್ಕಾಗಿ ಮಡಚಿ ಏಪ್ರನ್ನಿನ ಜೇಬಿಗೆ ಹಾಕಿದೆ. ಇಪ್ಪತ್ತಾರರ ಪಕ್ಕ ಇಪ್ಪತ್ತೆಂಟನ್ನು ಚುಚ್ಚಿ, ಉಳಿದವನ್ನೂ ಮುಗಿಸಿದೆ.

ಅಷ್ಟರಲ್ಲಿ ಭುಜದಿಂದ ಬಾಗಿಲು ತಳ್ಳಿಕೊಂಡು ಸಿನ್ನಿ ಬಂದಳು, ಎರಡೂ ಕೈಯಲ್ಲಿ ಬ್ಯಾನಕ್ ರೊಟ್ಟಿಯ ತಟ್ಟೆ. ಹಾಲ್‌ನ ಭಾನುವಾರದ ಟೀ ಅವಳ ಆಳ್ವಿಕೆ. ಎಪ್ಪತ್ತು ದಾಟಿದೆ, ನಾಲಿಗೆಗೆ ಮಾತ್ರ ಇಪ್ಪತ್ತು.

"ಓಸ್ಲಾ, ಬೆಣ್ಣೆ ಎಲ್ಲೇ? ಈ ರೊಟ್ಟೀನ ಬರೀದೇ ತಿಂದ್ರೆ ಜನ ಮನೆ ಕೇಳಲ್ಲ, ಹಲ್ಲು ಕೇಳ್ತಾರೆ."

ನಾನು ಬೆಣ್ಣೆ ತರಲು ತಿರುಗಿದೆ. ಐಲ್ಸಾ ಬೋರ್ಡಿನ ಮುಂದೆ ನಿಂತು ಬೆರಳಿಟ್ಟು ಎಣಿಸುತ್ತಿದ್ದರು.

"ಇಪ್ಪತ್ತೇಳು ಎಲ್ಲಿ?"

ನಾನು ಜೇಬಿನ ಮೇಲೆ ಕೈ ಇಟ್ಟೆ.

"ಕಟ್ಟಿನಲ್ಲಿತ್ತು, ನಾನೇ ಜೋಡಿಸಿದ್ದೆ. ಬಿದ್ದಿರಬೇಕು, ಸ್ವಲ್ಪ ನೋಡ್ತೀರಾ? ಬೇರೆ ಯಾವುದು ಇಲ್ಲದಿದ್ರೂ ಪರವಾಗಿಲ್ಲ, ಅದೊಂದು ಬೇಕೇ ಬೇಕು."

ನಾನು ಟೀ ಮೇಜಿನ ಕೆಳಗೆ ಬಗ್ಗಿದೆ. ಮೇಜುಬಟ್ಟೆಯ ಮರೆಯಲ್ಲಿ ಹಾಳೆಯನ್ನು ಜೇಬಿನಿಂದ ತೆಗೆದು ತೊಡೆಯ ಮೇಲಿಟ್ಟು ನೇರ ಮಾಡಿದೆ. ತಲೆ ಎತ್ತಿದರೆ ಎದುರಿಗೆ ಸಿನ್ನಿಯ ಕಣ್ಣು. ಅವಳೂ ಬಗ್ಗಿದ್ದಳು, ಚಮಚ ಹುಡುಕುವ ನೆಪದಲ್ಲಿ.

"ಏನೇ ಬರೆದೆ ಹುಡುಗಿ?" ಎಂದು ಪಿಸುಗುಟ್ಟಿದಳು.

"ನಾನಲ್ಲ."

"ನಾನಲ್ಲ ಅಂತೆ. ಮುಖ ನೋಡ್ಕೋ, ಹಿಟ್ಟಿಗಿಂತ ಬೆಳ್ಳಗಿದೆ."

"ಇಲ್ಲೇ ಬಿದ್ದಿತ್ತು" ಎಂದು ಐಲ್ಸಾರ ಕೈಗೆ ಹಾಳೆ ಕೊಟ್ಟೆ. ನಾಲ್ಕು ಮಡಿಕೆಯ ಗೆರೆಗಳು ಎದ್ದು ಕಾಣುತ್ತಿದ್ದವು. ಅವರು ಗೆರೆಗಳನ್ನು ನೋಡಿದರು, ನನ್ನನ್ನು ನೋಡಿದರು, ಏನೂ ಕೇಳದೆ ತಾವೇ ಚುಚ್ಚಿದರು. ಜಾಗ ಇರಲಿಲ್ಲವಾದ್ದರಿಂದ ಬೋರ್ಡಿನ ನಟ್ಟನಡುವೆ, ಉಳಿದವುಗಳ ಮೇಲೆ.

ಮೂರಕ್ಕೆ ಊರು ಬಂತು. ಮೊದಲು ಟೀ, ಆಮೇಲೆ ಬೋರ್ಡು. ಹೆಸರಿಲ್ಲದ ಬರಹ ಎಂದರೆ ನಮ್ಮವರಿಗೆ ಒಗಟು ಸಿಕ್ಕಹಾಗೆ. ಕಪ್ಪು ಹಿಡಿದು ಸಾಲಾಗಿ ನಿಂತು ಒಂದೊಂದನ್ನೇ ಬಿಡಿಸತೊಡಗಿದರು. ಮುಂದಾಳು ರಾಸ್ಮಿ. ಕ್ರೀಡಾಂಗಣ ಬೇಕೇ ಬೇಕೆಂದು ಮೂರು ವರ್ಷದಿಂದ ಓಡಾಡುತ್ತಿರುವವನು ಅವನೇ. ಗಟ್ಟಿ ಗಂಟಲು, ಕೆಟ್ಟವನೇನಲ್ಲ.

"ನಾಲ್ಕನೇದು ಕೇಳಿ. 'ಫುಟ್‌ಬಾಲಿಗೆ ಸುತ್ತ ಗೋಡೆ ಬೇಕು. ಗಿಡ ಬೆಳೆಸುವ ನನ್ನ ಗಾಜಿನ ಮನೆಗೆ ಮೂರು ಸಲ ಚೆಂಡು ಬಿದ್ದಿದೆ.' ಹೆಸರು ಬರೆದಿಲ್ಲವಂತೆ! ಸಿನ್ನಿ, ಇಡೀ ದ್ವೀಪದಲ್ಲಿ ಗಾಜಿನ ಮನೆ ಇರೋದು ನಿಂದೊಂದೇ ಕಣೇ."

"ನಾಲ್ಕು ಸಲ. ನಾಲ್ಕನೇದು ನಿನ್ನ ಕಾಲಿಂದಲೇ ಬಂತು, ಗೊತ್ತಿಲ್ಲ ಅಂದ್ಕೋಬೇಡ."

"ಹನ್ನೆರಡು. 'ಮನೆಗಳು ಖಂಡಿತ ಬೇಕು. ಆದರೆ ನನ್ನ ಅಡುಗೆಮನೆಯ ಕಿಟಕಿಗೆ ಕಾಣಬಾರದು.' ಇದ್ಯಾರು?"

"ಅದನ್ನ ಎಲ್ಲಾರೂ ಸೇರಿ ಬರೆದದ್ದು ಬಿಡೋ" ಎಂದು ಹಿಂದಿನಿಂದ ಯಾರೋ ಅಂದರು. ನಗು.

"ಹತ್ತೊಂಬತ್ತು. 'ಕೊಳದ ನೀರು ತಣ್ಣಗಿದೆ. ತೆರೆದ ದಿನದಿಂದ ಹೇಳುತ್ತಿದ್ದೇನೆ.' ಲೌರಿ!"

ಲೌರಿ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದ. "ನಾನಲ್ಲಪ್ಪ."

"ಮತ್ಯಾರು?" ಎಂದಳು ಸಿನ್ನಿ. "ನಿನ್ನ ಮದುವೆ ದಿನ ಪಾದ್ರಿಗೂ ಇದನ್ನೇ ಹೇಳಿದ್ದೆಯಲ್ಲೋ."

"ಆಗ ಕೊಳಾನೇ ಇರ್ಲಿಲ್ಲ!"

"ಅದಕ್ಕೇ ನೀನು ಸಮುದ್ರದ ಬಗ್ಗೆ ಹೇಳಿದ್ದು."

ಹಾಲ್ ಪೂರ್ತಿ ನಕ್ಕಿತು. ನಾನು ಟೀ ಮೇಜಿನ ಹಿಂದೆ ನಿಂತು ತೊಳೆದ ಕಪ್ಪನ್ನೇ ಮತ್ತೆ ತೊಳೆಯುತ್ತಿದ್ದೆ. ಇಪ್ಪತ್ತೊಂದು ಹೋಯಿತು. ಇಪ್ಪತ್ತಮೂರು ಹೋಯಿತು, ಅದನ್ನು ಬರೆದಾಕೆ ತಾನೇ ಕೈಯೆತ್ತಿ ಒಪ್ಪಿಕೊಂಡಳು. ಪ್ರತಿ ನಗೆಯೂ ನನ್ನ ಹತ್ತಿರಕ್ಕೆ ಒಂದೊಂದು ಹೆಜ್ಜೆ ಇಡುತ್ತಿತ್ತು. ಅಮ್ಮನನ್ನು ಒಬ್ಬಳನ್ನೇ ಬಿಟ್ಟು ಬಂದಿದ್ದೆ. ಆ ದಿನದ ಗಾಳಿ ದಕ್ಷಿಣದ್ದು, ಇಲ್ಲದಿದ್ದರೆ ಬಿಡುತ್ತಿರಲಿಲ್ಲ.

"ಇಪ್ಪತ್ತೇಳು" ಎಂದ ರಾಸ್ಮಿ. "'ನಾವು ಇಬ್ಬರು. ನಮಗೆ ಮನೆ ಇಲ್ಲ...'"

ಮೊದಲ ಎರಡು ಸಾಲನ್ನು ಅದೇ ಆಟದ ದನಿಯಲ್ಲಿ ಓದಿದ. ಕಿಟಕಿಯ ಸಾಲಿಗೆ ಬಂದಾಗ ದನಿ ಇಳಿಯಿತು. ಕೊನೆಯ ಸಾಲನ್ನು ಓದಲಿಲ್ಲ, ಮನಸ್ಸಿನಲ್ಲೇ ಓದಿಕೊಂಡ. ಯಾರೂ ಹೆಸರು ಕೂಗಲಿಲ್ಲ.

ನಮ್ಮವರು ಯೋಚಿಸುವಾಗ ಕಣ್ಣು ಎಲ್ಲಿ ಹೋಗುತ್ತದೆ ಎಂದು ನನಗೆ ಗೊತ್ತು. ಮನಸ್ಸಿನಲ್ಲೇ ದ್ವೀಪ ಸುತ್ತುತ್ತಾರೆ, ಮನೆಯಿಂದ ಮನೆಗೆ, ಬಾಗಿಲಿನಿಂದ ಬಾಗಿಲಿಗೆ. ಅವರು ಸುತ್ತುತ್ತಿರುವುದನ್ನು ನಾನು ನೋಡುತ್ತಿದ್ದೆ. ಚರ್ಚ್ ದಾಟಿದರು, ಶಾಲೆ ದಾಟಿದರು, ಕಡಲಿನ ಕಡೆ ಇಳಿದರು. ಒಬ್ಬಾಕೆಯ ಕೈಯಲ್ಲಿದ್ದ ಬ್ಯಾನಕ್ ಬಾಯಿಯ ಹತ್ತಿರವೇ ನಿಂತಿತು. ಅವಳು ಲೌರಿಯ ಬೆನ್ನು ನೋಡಿದಳು.

"ಬನ್ನಿ, ಕೂತ್ಕೊಳ್ಳಿ, ಶುರು ಮಾಡೋಣ" ಎಂದು ಐಲ್ಸಾ ಕೈತಟ್ಟಿದರು.

ಅವರು ಸುತ್ತುಬಳಸು ಮಾತಾಡುವವರಲ್ಲ. ಇಪ್ಪತ್ತೆರಡು ಜನ ಕ್ರೀಡಾಂಗಣ ಕೇಳಿದ್ದಾರೆ, ಹದಿನೆಂಟು ಜನ ಮನೆ ಕೇಳಿದ್ದಾರೆ ಎಂದರು. "ಆದರೆ ಆ ಹದಿನೆಂಟರಲ್ಲಿ ಹದಿನೇಳು ಜನ ಬೇರೆಯವರಿಗೋಸ್ಕರ ಕೇಳಿದ್ದಾರೆ. ಮಕ್ಕಳು ವಾಪಸ್ ಬರಲಿ, ಶಾಲೆ ಉಳೀಲಿ ಅಂತ. ಈಗ, ಇವತ್ತು, ಇಲ್ಲಿ ಮನೆ ಇಲ್ಲದೆ ಇದ್ದೀವಿ ಅಂದಿರೋದು ಇಪ್ಪತ್ತೇಳನೇ ಹಾಳೆ ಮಾತ್ರ. ಅಂಥ ಒಂದು ಸಂಸಾರ ನಿಜವಾಗ್ಲೂ ಇದ್ರೆ ಆ ಜಾಗದ ಮೇಲೆ ಮನೆಗಳಿಗೇ ಮೊದಲ ಹಕ್ಕು. ಅದು ನಮ್ಮ ನಿಯಮ. ಇಲ್ಲದಿದ್ರೆ ಆ ಜಾಗ ಕ್ರೀಡಾಂಗಣಕ್ಕೆ. ಶುಕ್ರವಾರ ನಾನು ಬರೆದು ಕಳಿಸಬೇಕು."

ರಾಸ್ಮಿ ಎದ್ದ. "ಮೇಡಂ, ಮನೆ ಬೇಡ ಅಂತ ನಾನು ಹೇಳ್ತಿಲ್ಲ. ಅಕ್ಟೋಬರಿಂದ ಮಾರ್ಚ್‌ವರೆಗೆ ನಮ್ಮ ಹುಡುಗ್ರು ಬಸ್ ನಿಲ್ಲೋ ಗೂಡಲ್ಲಿ ಕೂತು ಕುಡೀತಾರೆ. ಅವರಿಗೆ ಒಂದು ಸೂರು ಬೇಡ್ವಾ? ಹೆಸರಿಲ್ಲದ ಒಂದು ಚೀಟಿ, ಅದಕ್ಕೋಸ್ಕರ ಬಿಟ್ಕೊಡೋದಾ? ಇಲ್ಲಿ ಮನೆ ಇಲ್ದೋರು ಯಾರಿದ್ದಾರೆ? ಯಾವುದು ಆ ಬಾಗಿಲು? ಈಶಾನ್ಯಕ್ಕೆ ಬಾಗಿಲು ಅಂತೆ. ನಮ್ಮಲ್ಲಿ ಅಂಥಾದ್ದು ಇದ್ರೆ..."

ಅಲ್ಲಿಗೆ ನಿಂತ. ಅವನೂ ಅಷ್ಟೊತ್ತಿಗೆ ದ್ವೀಪ ಸುತ್ತಿ ಮುಗಿಸಿದ್ದ. ಕೆಂಪಗಿನ ಮುಖ ಇನ್ನೂ ಕೆಂಪಾಯಿತು. ಲೌರಿಯ ಕಡೆ ನೋಡಬಾರದೆಂದು ಚಾವಣಿ ನೋಡಿದ.

"ಇದ್ರೆ?" ಎಂದು ಐಲ್ಸಾ ಕೇಳಿದರು.

"ಟೀ ಆರ್ತಾ ಇದೆ, ಯಾರಿಗಾದ್ರೂ ಬೇಕಾ?" ಎಂದಳು ಸಿನ್ನಿ, ಅಗತ್ಯಕ್ಕಿಂತ ಗಟ್ಟಿಯಾಗಿ. ಯಾರಿಗೂ ಬೇಕಿರಲಿಲ್ಲ.

ಈಗ ಹಾಲ್‌ನಲ್ಲಿ ಐಲ್ಸಾ ಒಬ್ಬರನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಆ ಮೌನದಲ್ಲಿ ಅರವತ್ತು ಜನ ನನ್ನನ್ನು ನೋಡದಿರಲು ಪ್ರಯತ್ನಿಸುತ್ತಿದ್ದರು. ಹಾಗೆ ನೋಡದೇ ಇರುವುದು ನೋಡುವುದಕ್ಕಿಂತ ಹೆಚ್ಚು ಸುಡುತ್ತದೆ. ಒಬ್ಬರು ಬಾಯಿಬಿಟ್ಟರೆ ಸಾಕು. ಒಂದು ಮಗು ಬಾಯಿಬಿಟ್ಟರೆ ಸಾಕು. ಬಾಗಿಲಿಗೆ ಚೀಟಿ ಅಂಟಿಸುವ ಸದ್ದು ನನ್ನ ಕಿವಿಗೆ ಆಗಲೇ ಕೇಳುತ್ತಿತ್ತು.

ಲೌರಿ ನಿಧಾನವಾಗಿ ಎದ್ದ. ಎಂಬತ್ತೊಂದು ವರ್ಷ, ಏಳಲು ಹೊತ್ತು ಹಿಡಿಯುತ್ತದೆ.

"ಅದು ಯಾರೋ ತಮಾಷೆಗೆ ಬರೆದದ್ದು" ಎಂದ. "ನನ್ನ ದೋಣಿಮನೆಯಲ್ಲಿ ದೋಣಿ ಇದೆ. ಬೇರೆ ಯಾರೂ ಇಲ್ಲ."

ದೋಣಿಮನೆಯ ವಿಷಯ ಯಾರೂ ಕೇಳಿರಲಿಲ್ಲ. ತಾನು ಅಂದದ್ದೇನೆಂದು ಲೌರಿಗೆ ತಡವಾಗಿ ಹೊಳೆಯಿತು. ಟೋಪಿಯನ್ನು ಎರಡೂ ಕೈಯಲ್ಲಿ ತಿರುಚುತ್ತ ಕೂತುಬಿಟ್ಟ. ಎರಡು ವರ್ಷ ಬಾಡಿಗೆ ಎಂದು ಒಂದು ಮಾತು ಎತ್ತದವನು, ಎಲ್ಲರೆದುರು ಸುಳ್ಳು ಹೇಳಿದ್ದು ನಮಗೋಸ್ಕರವೋ ತನಗೋಸ್ಕರವೋ ನನಗೆ ಇವತ್ತಿಗೂ ಗೊತ್ತಿಲ್ಲ. ಬಹುಶಃ ಎರಡಕ್ಕೂ.

ಐಲ್ಸಾ ಅವನನ್ನೇ ನೋಡಿದರು. ಆಮೇಲೆ ಪೆನ್ನನ್ನು ಮೇಜಿನ ಮೇಲೆ ಇಟ್ಟರು.

"ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಮೋಸ ಮಾಡಿದೆ ಅನ್ಬೇಡಿ. ಇದನ್ನ ಬರೆದವರು ಇಲ್ಲಿದ್ದು, ನಾನೇ ಅಂತ ಹೇಳಿದ್ರೆ, ಮನೆಗಳೇ ಬೇಕು ಅಂತ ನಾನು ಬರೀತೀನಿ. ಆದರೆ ಈಗ ಎಲ್ಲಿ ಮಲಗ್ತಾರೆ ಅನ್ನೋದನ್ನೂ ಬರೀಬೇಕು. ಅದು ವಾಸಕ್ಕೆ ಯೋಗ್ಯವಲ್ಲದ ಜಾಗ ಆಗಿದ್ರೆ ಕಟ್ಟಡ ವಿಭಾಗಕ್ಕೆ ಹೋಗುತ್ತೆ. ತಡೆಯೋಕೆ ನನ್ನ ಕೈಲಿ ಆಗಲ್ಲ. ಹೇಳದಿದ್ರೆ, ಇಪ್ಪತ್ತೇಳರ ಮುಂದೆ 'ಖಚಿತವಿಲ್ಲ' ಅಂತ ಬರೆದು ಮುಗಿಸ್ತೀನಿ."

"ಮನೆ ಕಟ್ಟೋಕೆ ಎಷ್ಟು ಕಾಲ ಹಿಡಿಯುತ್ತೆ?" ಎಂದು ಸಿನ್ನಿ ಕೇಳಿದಳು.

"ಎಲ್ಲ ಸರಿಯಾದ್ರೆ ಎರಡು ವರ್ಷ."

"ಹದಿನಾಲ್ಕು ದಿನಕ್ಕೆ ಹೊರಗೆ ಹಾಕ್ತೀರಾ, ಎರಡು ವರ್ಷಕ್ಕೆ ಒಳಗೆ ಕರೀತೀರಾ. ಮಧ್ಯದಲ್ಲಿ ಅವರೇನು ಕಡಲಕಾಗೆಗಳ ಜೊತೆ ಇರ್ಬೇಕಾ?"

ಐಲ್ಸಾ ತಲೆ ತಗ್ಗಿಸಿದರು. "ಗೊತ್ತು, ಸರಿಯಿಲ್ಲ ಅದು" ಎಂದಷ್ಟೇ ಅಂದರು. ಸ್ವಲ್ಪ ಹೊತ್ತು ಕಾದರು. ಗಡಿಯಾರ ನೋಡಿದರು. ಪೆನ್ನು ಎತ್ತಿಕೊಂಡರು.

ಹೇಳದಿದ್ದರೆ ನಾವು ಇದ್ದಲ್ಲೇ ಇರುತ್ತೇವೆ. ಅದೊಂದು ನೆಮ್ಮದಿಯೇ. ನಾನು ಕಪ್ಪನ್ನು ಬಟ್ಟೆಯಿಂದ ಒರೆಸಿದೆ. ಆದರೆ ಇದ್ದಲ್ಲೇ ಎಂದರೆ ಎಲ್ಲಿ? ಹೋದ ತಿಂಗಳು ಈಶಾನ್ಯದ ಗಾಳಿ ಎರಡು ದಿನ ನಿಲ್ಲಲಿಲ್ಲ. ನಾನು ಕಿಟಕಿಯಿಂದ ಇಳಿದು ಕೆಲಸಕ್ಕೆ ಹೋಗಿದ್ದೆ. ಮಧ್ಯಾಹ್ನ ಬಂದು ಕಿಟಕಿಯಲ್ಲಿ ಇಣುಕಿದರೆ ಒಳಗೆ ಹೊಗೆ. ಒಲೆಯ ಪಕ್ಕ ಒಣಗಲು ಹಾಕಿದ ಉಣ್ಣೆಯ ಬಟ್ಟೆ ಕರಕಲಾಗಿತ್ತು. ಅಮ್ಮ ಅದರ ಮೇಲೆ ಕೆಟಲಿನ ನೀರು ಸುರಿದು, ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದಳು. ಉಗುರುಗಳಲ್ಲಿ ಮರದ ಸಿಬಿರು. ಎಷ್ಟು ಹೊತ್ತಿನಿಂದ ಬಾಗಿಲು ತಳ್ಳುತ್ತಿದ್ದಳೋ. "ಏನಿಲ್ಲ, ಬಟ್ಟೆ ಸ್ವಲ್ಪ ಸೀದುಹೋಯ್ತು" ಎಂದಳು. ಬರೆದಿಟ್ಟುಕೊಂಡಿದ್ದ ಹಾಳೆಯನ್ನು ಆ ದಿನವೇ ನಾನು ಅಂಚೆಡಬ್ಬಿಗೆ ಹಾಕಿದ್ದು.

ಐಲ್ಸಾರ ಪೆನ್ನು ಕಾಗದದ ಮೇಲೆ ಇಳಿಯಿತು.

"ಅದು ನಂದು" ಎಂದೆ.

ನನ್ನ ದನಿ ಮೇಜಿನಾಚೆಗೆ ಹೋಯಿತೋ ಇಲ್ಲವೋ ತಿಳಿಯಲಿಲ್ಲ. ಈ ಹಾಲ್‌ನಲ್ಲಿ ನಾನು ಯಾವತ್ತೂ ಮಾತಾಡಿದವಳಲ್ಲ. ಟೀ ಬೇಕಾ, ಸಕ್ಕರೆ ಎಷ್ಟು, ಅಷ್ಟೇ. ಸಿನ್ನಿ ನನ್ನ ಮೊಣಕೈ ಹಿಡಿದಳು. ತಡೆಯಲೋ ಆಸರೆಗೋ, ಗೊತ್ತಾಗಲಿಲ್ಲ.

"ಏನಂದ್ರಿ?" ಐಲ್ಸಾ ತಲೆಯೆತ್ತಿದರು.

"ಇಪ್ಪತ್ತೇಳು. ನಾನು ಬರೆದದ್ದು. ನಾನು, ಅಮ್ಮ. ಲೌರಿ ತಾತನ ದೋಣಿಮನೆಯಲ್ಲಿ ಇದ್ದೀವಿ. ಎರಡು ವರ್ಷದಿಂದ. ತಾತಂದು ತಪ್ಪಿಲ್ಲ, ನಾವೇ ಕೇಳ್ಕೊಂಡಿದ್ದು."

ಕುರ್ಚಿಗಳು ಕಿರುಗುಟ್ಟಿದವು. ರಾಸ್ಮಿ ಮುಖ ಒರೆಸಿಕೊಂಡ. ಲೌರಿ ತಿರುಗಲಿಲ್ಲ. ಅವನ ಕತ್ತಿನ ಹಿಂಭಾಗ ಮಾತ್ರ ಕಾಣುತ್ತಿತ್ತು, ಸುಕ್ಕುಗಳ ನಡುವೆ ಬಿಳಿ ಕೂದಲು.

"ಯೋಚನೆ ಮಾಡಿ ಹೇಳ್ತಿದ್ದೀರಾ?" ಎಂದರು ಐಲ್ಸಾ. ಅವರ ದನಿ ಮೊದಲಿನ ಹಾಗಿರಲಿಲ್ಲ. "ಇನ್ನೂ ಬರೆದಿಲ್ಲ ನಾನು."

"ಬರ್ಕೊಳ್ಳಿ."

ಅವರು ಬರೆದುಕೊಂಡರು. ನನ್ನ ಹೆಸರು ಕೇಳಿದರು, ಓಸ್ಲಾ ಎಂದೆ. ಅಮ್ಮನ ವಯಸ್ಸು ಕೇಳಿದರು. ಬಾಗಿಲು ಎಷ್ಟು, ಕಿಟಕಿ ಎಷ್ಟು, ನೀರು ಎಲ್ಲಿಂದ, ಸ್ನಾನ ಎಲ್ಲಿ. ಸ್ನಾನ ಈಜುಕೊಳದಲ್ಲಿ ಎಂದಾಗ ಹಿಂದಿನ ಸಾಲಿನಲ್ಲಿ ಯಾರೋ ಮೂಗು ಸೀಟಿದರು. ಪ್ರತಿ ಉತ್ತರಕ್ಕೂ ಅವರ ಪೆನ್ನು ಸರಿಯುವುದನ್ನು ನೋಡುತ್ತಿದ್ದೆ. ಒಂದೊಂದು ಸಾಲೂ ನಮ್ಮ ಹಲಗೆಗಳನ್ನು ಒಂದೊಂದಾಗಿ ಕಿತ್ತು ಹೊರಗಿಡುತ್ತಿರುವಂತೆ ಕಂಡಿತು. ಅಮ್ಮ ಈಗ ಕಿಟಕಿಗೆ ಕಂಬಳಿ ಕಟ್ಟುತ್ತಿರುತ್ತಾಳೆ. ಹೊರಗೆ ಬೆಳಕು ಇಳಿಯುತ್ತಿತ್ತು. ಮನೆಗೆ ಹೋಗಿ ಅವಳಿಗೆ ಏನೆಂದು ಹೇಳಲಿ?

ಐಲ್ಸಾ ಕಾಗದ ತಿರುಗಿಸಿ ಸಹಿಗೆ ನನ್ನ ಮುಂದೆ ಇಟ್ಟರು. ಸಹಿ ಮಾಡಿದೆ. ನನ್ನ ಹೆಸರೇ ಬೇರೆ ಯಾರದೋ ಹೆಸರಿನ ಹಾಗೆ ಕಂಡಿತು. ಪೆನ್ನನ್ನು ಹಿಂದಕ್ಕೆ ಕೊಡದೆ ಹಿಡಿದುಕೊಂಡೇ ನಿಂತೆ. ಎಲ್ಲರೂ ಅಲ್ಲಿದ್ದರು. ಊರಿನವರು, ಲೌರಿ, ರಾಸ್ಮಿ, ಕೌನ್ಸಿಲ್. ಇನ್ನೊಮ್ಮೆ ಇಷ್ಟು ಜನ ಒಟ್ಟಿಗೆ ಸಿಗುವುದಿಲ್ಲ ಎನ್ನಿಸಿತು. ಯಾರನ್ನು ನೋಡಿ ಕೇಳಬೇಕೆಂದು ತಿಳಿಯದೆ ಎಲ್ಲರ ಕಡೆಗೂ ಕೇಳಿದೆ.

"ಮನೆ ಆಗೋವರೆಗೂ ನಮ್ಮನ್ನ ಅಲ್ಲೇ ಇರೋಕೆ ಬಿಡ್ತೀರಾ?"